ಅರಿಶಿನ ಮುರಿಯುವ ಸದ್ದು

ಬೇಯಿಸಿ ಬಿಸಿಲಿಗೆ ಹಾಕಿದ ಅರಿಶಿನ ಒಣಗಿದೆಯೋ ಇಲ್ಲವೋ ಎಂದು ನಮ್ಮ ಗುಂಡ್ಲುಪೇಟೆ ಕಡೆ ಕಣ್ಣಿಗಿಂತ ಕಿವಿಯನ್ನೇ ನಂಬುತ್ತಾರೆ. ಕೊಂಬನ್ನು ಕಿವಿಯ ಹತ್ತಿರ ಹಿಡಿದು ಮುರಿಯಬೇಕು. ಒಣಗಿದ್ದರೆ ಟಣ್ಣನೆ ಸದ್ದು ಬರುತ್ತದೆ, ಹಸಿಯಿದ್ದರೆ ಬರುವುದಿಲ್ಲ. ಈ ವಿಷಯದಲ್ಲಿ ನನ್ನ ಕಿವಿಗೆ ಮದ್ದೂರಿನವರೆಗೂ ಹೆಸರಿತ್ತು. ರೈತರು ಮೊದಲು ಟವೆಲ್ಲಿನ ತುದಿಯಲ್ಲಿ ಒಂದು ಹಿಡಿ ಕಟ್ಟಿಕೊಂಡು ಬರುವರು. ನಾನು ಮುರಿದು ಸೈ ಅಂದ ಮೇಲೆಯೇ ಮೂಟೆಗಳು ಪಾಲಿಶ್‌ಗೆಂದು ನನ್ನ ಡ್ರಮ್ಮಿಗೆ ಬರುತ್ತಿದ್ದವು. ಆ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ.

ಡ್ರಮ್ಮು ಅಂದರೆ ಕಬ್ಬಿಣದ ದೊಡ್ಡ ಪೀಪಾಯಿ. ಮೋಟರ್ ಹಾಕಿದರೆ ಒಳಗೆ ಕೊಂಬುಗಳು ಒಂದಕ್ಕೊಂದು ಉಜ್ಜಿಕೊಂಡು ಸಿಪ್ಪೆ ಉದುರುತ್ತದೆ. ಆ ಗದ್ದಲದ ಪಕ್ಕ ಇಪ್ಪತ್ತು ವರ್ಷ ನಿಂತಿದ್ದೇನೆ. "ಕಿವಿಗೆ ಒಸಿ ಏನಾರ ಕಟ್ಕಳ್ಳಿ" ಎಂದು ಹೆಂಡತಿ ಹೇಳಿದಾಗಲೆಲ್ಲ, ನಾನೇನು ಬಾಣಂತಿಯಾ ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಆಮೇಲೆ ಮೂರು ವರ್ಷ ಯಾರ ಅರಿಶಿನವೂ ನನ್ನ ಪ್ರಕಾರ ಒಣಗಲೇ ಇಲ್ಲ. ಯಾರು ತಂದರೂ "ಇನ್ನೆರಡು ದಿನ ಬಿಸಿಲಿಗೆ ಹಾಕಿ" ಅನ್ನುತ್ತಿದ್ದೆ. ಎರಡು ದಿನ ಬಿಟ್ಟು ಮೂಟೆ ತಂದರೆ ಮತ್ತೆ ಮುರಿದು ನೋಡದೆ ಡ್ರಮ್ಮಿಗೆ ಹಾಕುತ್ತಿದ್ದೆ. ಬಿಸಿಲು ಸರಿಯಿಲ್ಲ ಅಂದೆ, ಗೋಪಾಲಸ್ವಾಮಿ ಬೆಟ್ಟದ ಮಂಜು ಕೆಳಗಿಳಿದಿದೆ ಅಂದೆ, ಜನ ಸೋಮಾರಿಗಳಾಗಿದ್ದಾರೆ ಎಂದೂ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಯಾರೂ ಎದುರಾಡಲಿಲ್ಲ.

ಎದುರಾಡಿದವಳು ನನ್ನ ಹೆಂಡತಿ. ಹೋದ ವರ್ಷ ನಮ್ಮದೇ ತಾರಸಿಯ ಮೇಲಿನ ಅರಿಶಿನವನ್ನು ಮುರಿದು, ಹಸಿಯಿದೆ ಅಂದೆ. ಅವಳು ಇನ್ನೊಂದು ಕೊಂಬನ್ನು ನನ್ನ ಬಲಗಿವಿಯ ಹತ್ತಿರ ಮುರಿದಳು, ಮತ್ತೊಂದನ್ನು ಎಡಗಿವಿಯ ಹತ್ತಿರ.

"ಕೇಳುಸ್ತಾ?"

"ಕೇಳ್ಸಕ್ಕೆ ಅದು ಒಣಗಿದ್ರೆ ತಾನೆ?"

"ಅರಿಸ್ನ ಒಣಗ್ಯದೆ ಕಣ್ರೀ. ಓಗಿರೋದು ನಿಮ್ ಕಿವಿ."

ಚಾಮರಾಜನಗರದಲ್ಲಿ ಕಿವಿ ಡಾಕ್ಟರಮ್ಮನ ಹತ್ತಿರ ಹೋದೆವು. ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬಟನ್ ಒತ್ತಿ ಅಂದರು. ಮಿಷನ್ ಇನ್ನೂ ಆನ್ ಮಾಡಿಲ್ಲ ಎಂದುಕೊಂಡು ನಾನು ಆರಾಮಾಗಿ ಕೂತಿದ್ದೆ. ಆಗಲೇ ಅರ್ಧ ಪರೀಕ್ಷೆ ಮುಗಿದಿತ್ತು. ಸಣ್ಣ ಸದ್ದುಗಳು ಹೋಗಿವೆ, ಹೋದದ್ದು ಬರುವುದಿಲ್ಲ, ಉಳಿದಿರುವುದನ್ನು ಕಾಪಾಡಿಕೊಳ್ಳಿ, ಹತ್ತಿ ಗಿತ್ತಿ ಸಾಲದು ಅಂದರು. ಕರಿಕಲ್ಲು ಕೊಯ್ಯುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಕಿವಿ ಪೂರ್ತಿ ಮುಚ್ಚುವ ಮುಚ್ಚಳಗಳನ್ನು ಎರಡು ಜೋಡಿ ಕೊಂಡೆವು, ನನಗೊಂದು, ಅವಳಿಗೊಂದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಇನ್ನು ಯಾರು ಬರುತ್ತಾರೆ ನನ್ನ ಹತ್ತಿರ ಎಂಬ ಹೆದರಿಕೆ.

ಈ ವರ್ಷ ಮೊದಲು ಬಂದವರು ನಮ್ಮ ಹಳೇ ಗಿರಾಕಿ, ನನಗಿಂತ ಹಿರಿಯರು. ಟವೆಲ್ ಬಿಚ್ಚಿ ಕೊಂಬು ಚಾಚಿದರು. ನಾನು ಮುಟ್ಟಲಿಲ್ಲ. "ನಂಗೆ ಕೇಳ್ಸಲ್ಲ ಕಣಣ್ಣ. ಇನ್ಮೇಲೆ ಇವ್ಳೇ ನೋಡ್ತಾಳೆ" ಅಂದೆ.

ಹೆಂಡತಿ ಒಂದು ಮುರಿದಳು, ಇನ್ನೊಂದು ಮುರಿದಳು. "ಇಲ್ಲ ಕಣಣ್ಣ, ಇನ್ನೂ ಒಣಗಿಲ್ಲ. ಎರಡ್ ದಿನ ಬೇಕು."

ನನಗೆ ಗಾಬರಿ. ಅವಳ ಕಿವಿಯೂ ಹೋಯಿತೇ? ಅವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು.

"ಒಣಗಿಲ್ಲ ಅಂತ ನಂಗೂ ಗೊತ್ತು ಕಣವ್ವ. ಎಂಗಿದ್ರೂ ಎರಡ್ ದಿನ ಬುಡು ಅಂತಾನಲ್ಲ ಅಂತ ನಾವೆಲ್ಲ ಎರಡ್ ದಿನ ಮುಂಚೇನೆ ತಂದು ತೋರುಸ್ತಾ ಇದ್ದೋ."

"ನಾವೆಲ್ಲ ಅಂದ್ರೆ?" ಎಂದು ಕೇಳಿದೆ.

"ಎಲ್ರೂವೆ."

ಅಷ್ಟು ದಿನ ಒಬ್ಬರೂ ಬೇರೆ ಡ್ರಮ್ಮಿಗೆ ಹೋಗಿರಲಿಲ್ಲ, ಒಬ್ಬರೂ ನನ್ನ ಮುಖಕ್ಕೆ ಹೇಳಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಾಯಿತು, ಅದರ ಹಿಂದೆಯೇ ನಗುವೂ ಅಳುವೂ ಒಟ್ಟಿಗೆ ಬಂದವು.

"ಇನ್ಮೇಲೆ ಒಣಗಿದ್ ಮ್ಯಾಲೆ ತಗಂಬಾ ಕಣಣ್ಣ" ಅಂದೆ.