ಕೊನೆಯ ಪುಟದ ಮೂರು ವಾಕ್ಯಗಳು

ಪತ್ರಿಕಾ ಕಚೇರಿಯಲ್ಲಿ ಮೂವತ್ತು ವರ್ಷ ಬೇರೆಯವರ ಬರಹ ತಿದ್ದಿದ್ದೇನೆ. ವರದಿಗಾರ ಕಾಣದ್ದನ್ನು ಬರೆದಿದ್ದರೆ ಹೊಡೆದುಹಾಕಿದ್ದೇನೆ. ಇನ್ನೊಬ್ಬರ ಬರಹಕ್ಕೆ ಇಲ್ಲದ್ದನ್ನು ನಾನೇ ಸೇರಿಸಿದ್ದು ಒಂದೇ ಸಲ. ಅದು ಆ ಕೆಲಸಕ್ಕೆ ಸೇರುವ ಮೊದಲು, ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಶಿಕಾರಿಪುರದ ನಮ್ಮ ಮನೆಯ ಪಡಸಾಲೆಯಲ್ಲಿ.

ಅಕ್ಕ ಸೊರಬದ ಗಂಡನ ಮನೆಯಿಂದ ಟ್ರಂಕು ಹಿಡಿದು ಬಂದು ಎರಡು ತಿಂಗಳಾಗಿತ್ತು. ಕಾರಣ ಹೇಳಿರಲಿಲ್ಲ. ಭಾವ ಕುಡಿಯುವವನಲ್ಲ, ಹೊಡೆಯುವವನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅಪ್ಪನ ಜವಳಿ ಅಂಗಡಿಗೆ ಬಂದವರು ಬಟ್ಟೆ ನೋಡುವ ಮೊದಲು ಮಗಳ ಸುದ್ದಿ ಎತ್ತುತ್ತಿದ್ದರು.

ಇಂಟರ್‌ಮೀಡಿಯೆಟ್ ಫೇಲಾಗಿ ನಾನೂ ಮನೆಯಲ್ಲಿದ್ದೆ. ಆನವಟ್ಟಿ ಸಂತೆಯಲ್ಲಿ ಹಳೇ ಕಾಗದ ಮಾರುವವನ ಹತ್ತಿರ ನನಗೊಂದು ಕಾದಂಬರಿ ಸಿಕ್ಕಿತ್ತು. ರಟ್ಟು ಮತ್ತು ಮೊದಲ ಹಾಳೆಗಳು ಹೋಗಿದ್ದರಿಂದ ಅದರ ಹೆಸರೇನು, ಬರೆದವರು ಯಾರು ಎಂದು ತಿಳಿಯುವಂತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವ್ವ, ಅಕ್ಕ, ಪಕ್ಕದ ಮನೆಯ ಅಜ್ಜಿ ಮೂವರೂ ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂರುತ್ತಿದ್ದರು; ನಾನು ಓದಿ ಹೇಳುತ್ತಿದ್ದೆ. ಅವ್ವನಿಗೂ ಅಜ್ಜಿಗೂ ಅಕ್ಷರ ಬರುತ್ತಿರಲಿಲ್ಲ. ಅಕ್ಕ ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಬೇಸತ್ತು ಪುಸ್ತಕ ನನ್ನ ಕೈಗೆ ಕೊಡುತ್ತಿದ್ದಳು.

ಆ ಕಾದಂಬರಿಯ ಹೆಂಗಸು ಒಂದು ಬೆಳಿಗ್ಗೆ ಗಂಡನ ಮನೆಯ ಅಂಗಳ ಗುಡಿಸಿ, ರಂಗೋಲಿ ಹಾಕಿ, ಪೊರಕೆಯನ್ನು ಅದರ ಜಾಗದಲ್ಲಿಟ್ಟು, ತವರಿಗೆ ನಡೆದುಬಿಡುತ್ತಾಳೆ. ಏಕೆಂದು ಪುಸ್ತಕದಲ್ಲಿ ಎಲ್ಲೂ ಇಲ್ಲ.

“ಸೊಕ್ಕು,” ಅಂದಳು ಅವ್ವ. “ಹೊಟ್ಟಿ ತುಂಬಿದ ಸೊಕ್ಕು.”

“ಅಲ್ಲ ಕಣೇ, ಯಾವನೋ ಅದಾನೆ. ಮುಂದೆ ಬರ್ತಾನೆ, ನೋಡ್ತಿರು,” ಎಂದಳು ಅಜ್ಜಿ. ಮರುದಿನ ಬುಟ್ಟಿ ತಂದು ಕೂರುವ ಮೊದಲೇ ಕೇಳಿದಳು: “ಇವತ್ತಾದ್ರೂ ಬಂದ್ನೇನೋ ಅವನು?”

“ಇಲ್ಲ ಅಜ್ಜಿ.”

“ದಾರಿ ತಪ್ಪಿರಬೇಕು ಮುಂಡೇಗಂಡ.”

ಅಕ್ಕ ನಗುತ್ತಿದ್ದಳು, ಮಾತಾಡುತ್ತಿರಲಿಲ್ಲ. ಒಂದು ದಿನ ಮಾತ್ರ ತಲೆ ಎತ್ತದೆ ಹೇಳಿದಳು: “ಸಿಟ್ಟು ಬಂದಾಕಿ ಪೊರಕೆ ಜಾಗದಾಗೆ ಇಟ್ಟು ಬರ್ತಾಳೇನು?” ಸ್ವಲ್ಪ ಹೊತ್ತಿನ ಮೇಲೆ, “ಇಷ್ಟು ಓದಿದೆಯಲ್ಲೋ, ಒಬ್ಬರಾದ್ರೂ ಅವಳನ್ನ ಕೇಳಿದ್ರಾ, ಯಾಕೆ ಬಂದೆ ಅಂತ?”

ನಾನು ಪುಟ ಹಿಂದೆ ತಿರುವಿದೆ. ತಂದೆ ಬುದ್ಧಿ ಹೇಳುತ್ತಾನೆ, ತಾಯಿ ಅಳುತ್ತಾಳೆ, ಊರವರು ಆಡಿಕೊಳ್ಳುತ್ತಾರೆ. ಕೇಳಿದವರು ಯಾರೂ ಇರಲಿಲ್ಲ.

“ಇಲ್ಲ,” ಅಂದೆ.

“ಹೂಂ. ಓದು.”

ಅಕ್ಕನಿಗೆ ಕಾದಂಬರಿ ಚೆನ್ನಾಗಿ ಅರ್ಥವಾಗುತ್ತದೆ ಎಂದುಕೊಂಡು ನಾನು ಮುಂದೆ ಓದಿದೆ. ನಮ್ಮ ಮನೆಯಲ್ಲಿ ಅವಳನ್ನು ‘ಯಾವಾಗ ಹೋಗ್ತಿ’ ಎಂದು ಎಲ್ಲರೂ ಕೇಳಿದ್ದೆವು. ‘ಯಾಕೆ ಬಂದೆ’ ಎಂದು ನಾನೂ ಕೇಳಿರಲಿಲ್ಲ.

ಸೋಮವಾರದ ಬಸ್ಸಿಗೆ ಬರುತ್ತೇನೆಂದು ಭಾವನ ಕಾಗದ ಬಂತು. ಅವ್ವ ನನ್ನನ್ನು ಅಡಿಗೆಮನೆಗೆ ಕರೆದಳು.

“ಆ ಪುಸ್ತಕದಾಕಿ ಕೊನಿಗೆ ಗಂಡನ ಮನಿಗೆ ಹೋಗ್ತಾಳೋ ಇಲ್ಲೋ?”

ನಾನು ಮೊದಲೇ ಓದಿ ಮುಗಿಸಿದ್ದೆ. ಕೊನೆಯ ಪುಟದಲ್ಲಿ ಗಂಡ ಗಾಡಿ ತಂದು ನಿಲ್ಲಿಸುತ್ತಾನೆ. ಅವಳು ಹೊಸ್ತಿಲಿಗೆ ಬಂದು ಬಾಗಿಲ ಚೌಕಟ್ಟು ಹಿಡಿದು ಗಾಡಿಯನ್ನು ನೋಡುತ್ತಾಳೆ. ಅಷ್ಟೇ.

“ಹೇಳಿಲ್ಲ ಅವ್ವ.”

“ಹೇಳಿಲ್ಲ ಅಂದ್ರೆ? ಹೋದ್ಳು ಅಂತ ಓದು. ಒಂದು ಮಾತು ಹೆಚ್ಚಾದ್ರೆ ನಿನ್ನ ಪುಸ್ತಕ ಹರಿದು ಹೋಗಲ್ಲ.”

ಅವ್ವ ಕೇಳಿದ್ದು ಒಂದು ಮಾತು. ನಾನು ಮೂರು ವಾಕ್ಯ ಮಾಡಿದೆ. ಬರೆದವರ ಧಾಟಿ ಹಿಡಿದು, ತಡವರಿಸಬಾರದೆಂದು ಬಾಯಿಪಾಠ ಮಾಡಿಕೊಂಡೆ. ‘ಅವಳು ಕಣ್ಣೊರೆಸಿಕೊಂಡಳು. ಸೆರಗು ಹೊದ್ದು ಗಾಡಿ ಹತ್ತಿದಳು. ತವರು ಹಿಂದೆ ಉಳಿಯಿತು.’ ಮೂರನೆಯದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಭಾನುವಾರ ಮಧ್ಯಾಹ್ನ ಓದಿದೆ.

“ಅಯ್ಯೋ, ಅವನು ಬರಲೇ ಇಲ್ವಲ್ಲೋ!” ಅಂದಳು ಅಜ್ಜಿ. ಅವ್ವ ಮೆಣಸಿನಕಾಯಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅಕ್ಕ ಕೇಳಿದಳು: “ಅಳ್ತಾ ಹತ್ತಿದ್ಲಾ?”

“ಹೂಂ.”

“ಇನ್ನೊಂದ್ಸಲ ಓದು.”

ಒಂದಕ್ಷರ ಆಚೀಚೆಯಾಗದಂತೆ ಇನ್ನೊಂದು ಸಲ ಹೇಳಿದೆ. ಕಣ್ಣು ಪುಟದ ಮೇಲೆಯೇ ಇಟ್ಟಿದ್ದೆ.

ಸೋಮವಾರ ಅಕ್ಕ ಭಾವನ ಜೊತೆ ಹೊರಟಳು. ಟ್ರಂಕಿನ ಬೀಗ ಹಾಕುವ ಮುಂಚೆ, “ಈ ಪುಸ್ತಕ ನಾನು ಒಯ್ಲೇನೋ?” ಎಂದಳು. ಅವಳು ಅದನ್ನು ಓದಲಾರಳು ಎಂಬ ಧೈರ್ಯದಿಂದ ಕೊಟ್ಟೆ.

ನನ್ನ ಮೂರು ವಾಕ್ಯಗಳಿಂದಲೇ ಅವಳು ಹೋದಳು ಎನ್ನಲು ನನ್ನ ಬಳಿ ಸಾಕ್ಷಿಯಿಲ್ಲ. ಹೇಗಿದ್ದರೂ ಹೋಗುತ್ತಿದ್ದಳೇನೋ. ಎರಡನೆಯ ಸಲ ಓದಿಸಿಕೊಂಡಳು ಎಂಬುದಷ್ಟೇ ನನಗೆ ಖಚಿತವಾಗಿ ಗೊತ್ತು.

ಮರುವರ್ಷ ಶಿವಮೊಗ್ಗದ ಒಂದು ಪತ್ರಿಕೆಯಲ್ಲಿ ನನಗೆ ಕರಡು ತಿದ್ದುವ ಕೆಲಸ ಸಿಕ್ಕಿತು. ಪ್ರತಿ ವಾರ ಸೊರಬಕ್ಕೆ ಅಂಚೆಯಲ್ಲಿ ಪತ್ರಿಕೆ ಕಳಿಸುತ್ತಿದ್ದೆ. ಕೆಲವು ತಿಂಗಳ ನಂತರ ಅಕ್ಕನನ್ನು ನೋಡಲು ಹೋದೆ. ಭಾವ ಪೇಟೆಗೆ ಹೋಗಿದ್ದ. ಅಕ್ಕ ಒಲೆಯ ಮುಂದಿದ್ದಳು, ಬೆರಳುಗಳು ಅರಿಸಿನವಾಗಿದ್ದವು.

“ನಿನ್ನ ಪೇಪರ್ ಓದೀ ಓದೀ ಕಲಿತೆ ಕಣೋ. ಅದರಾಗೆ ತಪ್ಪು ಬಾಳ ಇರ್ತಾವೆ. ಅದನ್ನೇ ತಿದ್ದೋಕೆ ಸಂಬಳ ಕೊಡ್ತಾರೇನು ನಿನಗೆ?”

ಇಬ್ಬರೂ ನಕ್ಕೆವು. ಅವಳು ಎದ್ದು ಹೋಗಿ ಪುಸ್ತಕ ತಂದು ಕೊನೆಯ ಪುಟ ತೆರೆದಳು. ಹೆಬ್ಬೆರಳು ಪುಟದ ಕೆಳಗಡೆ ಒತ್ತಿ ಹಿಡಿದಿದ್ದಳು.

“ಗಾಡಿ ಹತ್ತಿದ್ದು ಇದರಾಗೆ ಇಲ್ಲ. ಹಾಳೆ ಉದುರಿರಬೇಕು, ಅಲ್ಲೇನು?”

ಹೆಬ್ಬೆರಳಿನ ಕೆಳಗೆ ಏನು ಅಚ್ಚಾಗಿದೆಯೆಂದು ನನಗೆ ಗೊತ್ತಿತ್ತು. ‘ಮುಗಿಯಿತು’ ಎಂಬ ಪದ, ಅದರ ಎರಡೂ ಬದಿಗೆ ಒಂದೊಂದು ಹೂವು. ಒಂದು ಹೂವು ಉಗುರಿನ ಪಕ್ಕ ಕಾಣುತ್ತಿತ್ತು.

“ಉದುರಿರಬೇಕು ಅಕ್ಕ,” ಅಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. “ಹೂಂ. ಏಳು, ರೊಟ್ಟಿ ಆರ್ತಾವೆ.”

ಹೊರಡುವಾಗ ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿದಳು. “ನನಗೆ ಸಾಕು,” ಎಂದಳು.

ಬಸ್ಸಿನಲ್ಲಿ ಕೂತು ಕೊನೆಯ ಪುಟ ನೋಡಿದೆ. ‘ಮುಗಿಯಿತು’ ಎಂಬ ಪದದ ಮೇಲೆ ಅರಿಸಿನದ ಗುರುತುಗಳಿದ್ದವು. ಒಂದು ಹಸಿಯದು, ಅದರ ಕೆಳಗೆ ಒಣಗಿ ಕಂದಿದ ಹಳೆಯವು, ಒಂದರ ಮೇಲೊಂದು. ಬೇರೆ ಯಾವ ಪುಟದಲ್ಲೂ ಇರಲಿಲ್ಲ.

ಬಸ್ಸು ಇನ್ನೂ ಸೊರಬ ಬಿಟ್ಟಿರಲಿಲ್ಲ. ಡ್ರೈವರ್ ಹೋಟೆಲಿನ ಮುಂದೆ ನಿಂತು ಚಹಾ ಕುಡಿಯುತ್ತಿದ್ದ. ಅಕ್ಕನ ಮನೆ ಐದು ನಿಮಿಷದ ದಾರಿ. ನಾನು ಇಳಿಯಲಿಲ್ಲ.