ಗಟ್ಟಿ ಜಾಕೆಟ್ಟು

ಪೊಲೀಸ್ ಕೆಲಸದಲ್ಲಿ ನಾನು ಮನಸಾರೆ ಮಾಡಿದ ಒಂದು ಉಪಕಾರವನ್ನು ಇವತ್ತಿಗೂ ನನಗೆ ಕ್ಷಮಿಸಿಕೊಳ್ಳಲಾಗಿಲ್ಲ.

ಎರಡು ಸಾವಿರದ ಐದಾರರ ಸುಮಾರಿಗೆ, ನಕ್ಸಲರ ಓಡಾಟವಿದೆಯೆಂದು ಬೈಂದೂರು ಕಡೆಯ ಕಾಡಂಚಿನಲ್ಲಿ ನಮ್ಮ ಕ್ಯಾಂಪ್ ಹಾಕಿದ್ದರು. ಗುಂಡು ತಡೆಯುವ ಜಾಕೆಟ್ಟುಗಳು ಎರಡು ಬಗೆ. ಒಂದಕ್ಕೆ ಎದೆಗೂ ಬೆನ್ನಿಗೂ ಉಕ್ಕಿನ ಪ್ಲೇಟು. ರೈಫಲ್ ಗುಂಡನ್ನೂ ತಡೆಯುತ್ತದಂತೆ, ತೊಟ್ಟರೆ ಮಾತ್ರ ಅಕ್ಕಿ ಮೂಟೆ ಹೊತ್ತು ನಡೆದ ಹಾಗೆ. ಇನ್ನೊಂದು ಹಗುರ, ಪಿಸ್ತೂಲಿಗಷ್ಟೇ ಸಾಕು. ಗಟ್ಟಿಯವು ಎಲ್ಲರಿಗೆ ಆಗುವಷ್ಟಿರಲಿಲ್ಲ. ನಾವೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಯಾರಿಗಾದರೂ ಮಗು ಹುಟ್ಟಿತೆಂದರೆ ಮದುವೆಯಾಗದವನೊಬ್ಬ ತನ್ನ ಗಟ್ಟಿ ಜಾಕೆಟ್ಟು ಅವನಿಗೆ ಕೊಟ್ಟು ಹಗುರದ್ದನ್ನು ತೆಗೆದುಕೊಳ್ಳಬೇಕು. ಹುಟ್ಟಿದ ಮಗುವಿಗೆ ಕೊಡುವ ಬೆಳ್ಳಿ ಬಟ್ಟಲಿನ ಬದಲು ನಮ್ಮ ಬಡತನದ ಉಡುಗೊರೆ ಅದು.

ನನ್ನ ಜೊತೆಗಾರ ಗಂಗೊಳ್ಳಿಯ ಮೀನುಗಾರರ ಮನೆಯವನು, ನಡೆಯುವ ಮೊದಲೇ ಈಜು ಕಲಿತವನು. ಆ ಮಳೆಗಾಲದಲ್ಲಿ ಕುಂದಾಪುರದ ಆಸ್ಪತ್ರೆಯಲ್ಲಿ ಅವನ ಹೆಂಡತಿ ಹೆಣ್ಣುಮಗು ಹೆತ್ತಳು. ಅವನು ರಜೆ ಮುಗಿಸಿ ಬರುವ ಹೊತ್ತಿಗೆ ನನ್ನ ಜಾಕೆಟ್ಟನ್ನು ಒರೆಸಿ ಇಟ್ಟಿದ್ದೆ.

"ಇದ್ ಬ್ಯಾಡ ಮಾರಾಯಾ. ಇದನ್ ಹಾಯ್ಕಂಡ್ ಹೊಳಿ ದಾಟುಕ್ ಆತಿಲ್ಲೆ" ಅಂದ.

"ಗುಂಡ್ ಬಂದ್ರೆ ಈಜಿ ತಪ್ಪಿಸ್ಕಂತ್ಯಾ?" ಅಂತ ನಾನು ನಗೆಯಾಡಿದೆ. ಉಳಿದವರೂ ನಕ್ಕರು. ಅವನು ಜಾಕೆಟ್ಟು ತೆಗೆದುಕೊಂಡ.

ನಾವು ಕರಾವಳಿಯವರು. ನೀರಿಗೆ ಹೆದರುವುದೆಂದರೆ ನಮಗೆ ಮರ್ಯಾದೆಯ ಪ್ರಶ್ನೆ. ಕಾಡಿನ ಪ್ರತಿ ಮರದ ಹಿಂದೆ ಬಂದೂಕು ಕಾಣುತ್ತಿದ್ದ ನಮ್ಮ ಕಣ್ಣಿಗೆ ಹೊಳೆ ಬರೀ ಹೊಳೆ. ಮರುದಿನ ಬೆಳಿಗ್ಗೆ ಗಸ್ತಿಗೆ ಹೊರಡುವಾಗ ಅವನ ಪಕ್ಕೆಯ ಪಟ್ಟಿಗಳನ್ನು ನಾನೇ ಬಿಗಿದೆ.

ರಾತ್ರಿಯ ಮಳೆಗೆ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಸೊಂಟದ ಮಟ್ಟದ ನೀರು, ಒಬ್ಬರ ಹಿಂದೆ ಒಬ್ಬರು ಇಳಿದೆವು. ನಡುವೆ ಸೆಳೆತಕ್ಕೆ ನಾವಿಬ್ಬರೂ ಒಟ್ಟಿಗೇ ಆಳಕ್ಕೆ ಜಾರಿದೆವು. ಸರಿಯಾಗಿ ಈಜು ಬಾರದ ನಾನು ಹೇಗೋ ಕೈಕಾಲು ಬಡಿದು ಒಂದು ಬೇರು ಹಿಡಿದೆ. ಅವನು ಮುಳುಗಿದ, ಒಮ್ಮೆ ಮೇಲೆ ಬಂದ, ಪಕ್ಕೆಯ ಪಟ್ಟಿಗೆ ಕೈ ಹಾಕಿ ಎಳೆಯುತ್ತಿದ್ದ. ಒದ್ದೆಯಾದ ಪಟ್ಟಿ ಬಿಚ್ಚಿಕೊಳ್ಳಲಿಲ್ಲ. ಅವನು ಮತ್ತೆ ಮೇಲೆ ಬರಲಿಲ್ಲ.

ನಾನು ಕೊಟ್ಟಿರದಿದ್ದರೆ ಅವನು ನಗುತ್ತಾ ದಡ ಸೇರುತ್ತಿದ್ದ. ಅವನು ಬೇಡವೆಂದಾಗ ಒಂದು ಕ್ಷಣ ಕೇಳಿಸಿಕೊಳ್ಳಬಹುದಿತ್ತು. ಒಳ್ಳೆಯದು ಮಾಡುವ ಅವಸರದಲ್ಲಿ ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಸಂಜೆ ಹೆಣವನ್ನು ಮನೆಗೆ ತಂದೆವು. ಮೀನು ಮಾರಿ ಮಗನನ್ನು ಓದಿಸಿದ್ದ ಅವನ ತಾಯಿ ನಮ್ಮ ಮಾತು ನಂಬಲೇ ಇಲ್ಲ.

"ನನ್ ಮಗ ನೀರಂಗೆ ಸಾಯೂದಾ? ಸುಳ್ಳ್ ಹೇಳ್ಬೇಡಿ. ಗುಂಡ್ ಎಲ್ಲಿಗ್ ಬಡ್ದದ್ದ್?"

ಯಾರು ಹಿಡಿದರೂ ಬಿಡದೆ ಅವರು ಮಗನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಎದೆಯ ಮೇಲೆಲ್ಲ ಅಂಗೈ ಆಡಿಸಿ ಗಾಯ ಹುಡುಕಿದರು. ಒಂದು ಗೀರೂ ಇರಲಿಲ್ಲ.