ನಾನು ಹೊಡೆದುಹಾಕಿದ ಎರಡು ಸಾಲು

ನಮ್ಮ ಪತ್ರಿಕೆ ಶುರುವಾದದ್ದು ವಾರಪತ್ರಿಕೆಯಾಗಿ. ಶಿವಮೊಗ್ಗದ ಪೇಟೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆ, ಕಾಲಿನಲ್ಲಿ ತುಳಿದು ನಡೆಸುವ ಒಂದು ಮುದ್ರಣ ಯಂತ್ರ, ಅಚ್ಚಿನ ಮೊಳೆ ಜೋಡಿಸಲು ಇಬ್ಬರು. ಆ ಇಬ್ಬರಲ್ಲಿ ಒಬ್ಬ ನಾನು. ಸಂಪಾದಕರನ್ನು ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು. ಅವರು ಬರೆದದ್ದನ್ನು ಜೋಡಿಸುತ್ತ ಜೋಡಿಸುತ್ತ ನಾನು ತಪ್ಪು ತಿದ್ದಲು ಕಲಿತೆ, ತಿದ್ದುತ್ತ ತಿದ್ದುತ್ತ ಬರೆಯಲು ಕಲಿತೆ. ಎರಡನೆಯ ಮಹಾಯುದ್ಧ ಶುರುವಾಗಿ ಜನಕ್ಕೆ ದಿನದಿನವೂ ಸುದ್ದಿ ಬೇಕಾದಾಗ ಯಜಮಾನರು ಧೈರ್ಯಮಾಡಿ ಅದನ್ನು ದಿನಪತ್ರಿಕೆ ಮಾಡಿದರು. ನಾನು ಉಪಸಂಪಾದಕನಾದೆ. ರೇಡಿಯೋ ಮುಂದೆ ಕೂತು ಸುದ್ದಿ ಬರೆದುಕೊಳ್ಳುವುದು, ಶೀರ್ಷಿಕೆ ಕೊಡುವುದು, ಜಾಗಕ್ಕೆ ತಕ್ಕಂತೆ ಕತ್ತರಿಸುವುದು ಎಲ್ಲ ನನ್ನದೇ. ಊರಿನಲ್ಲಿ ನನ್ನಷ್ಟು ಚೆನ್ನಾಗಿ ಕನ್ನಡ ಬರೆಯುವವರಿಲ್ಲ ಎಂದು ಆಗ ನಾನು ನಂಬಿದ್ದೆ.

ದಿನಪತ್ರಿಕೆಯಾದ ಎರಡನೆಯ ವರ್ಷ ಭದ್ರಾವತಿಯ ಸುದ್ದಿ ಬರೆದು ಕಳಿಸಲು ಒಬ್ಬ ಬಾತ್ಮೀದಾರರನ್ನು ಗೊತ್ತು ಮಾಡಿದರು. ಕಬ್ಬಿಣದ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಗುಮಾಸ್ತರು, ಓಲ್ಡ್ ಟೌನ್‌ನಲ್ಲಿ ಮನೆ. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು. ಮಾತು ಕಡಿಮೆ. ಮಧ್ಯಾಹ್ನದ ರೈಲಿನಲ್ಲಿ ಪರಿಚಯದವರ ಕೈಗೆ ಲಕೋಟೆ ಕೊಟ್ಟು ಕಳಿಸುತ್ತಿದ್ದರು. ಮೊದಲನೆಯ ಲಕೋಟೆ ಒಡೆದು ಓದಿದಾಗಲೇ ನನ್ನ ಎದೆಯಲ್ಲಿ ಏನೋ ಚುಚ್ಚಿತು. ಪಾಳಿ ಮುಗಿಸಿ ಬರುವ ತಮಿಳು ಕೆಲಸಗಾರರು ಸಂತೆಯಲ್ಲಿ ನಮ್ಮ ಹೆಂಗಸರ ಹತ್ತಿರ ಬದನೆಕಾಯಿ ಚೌಕಾಸಿ ಮಾಡುವುದನ್ನು ಬರೆದಿದ್ದರು. ಇಷ್ಟೇ ವಿಷಯ. ಒಂದೂ ದೊಡ್ಡ ಮಾತಿಲ್ಲ. ಆದರೂ ಇಡೀ ಸಂತೆ ಕಣ್ಣಿಗೆ ಕಟ್ಟುತ್ತಿತ್ತು.

ಕೆಲವೇ ತಿಂಗಳಲ್ಲಿ ಜನ ಪತ್ರಿಕೆ ಬಿಡಿಸಿದವರೇ ಅವರ ಬರಹ ಬರುವ ‘ಭದ್ರಾವತಿ ಪತ್ರ’ ಎಲ್ಲಿದೆ ಎಂದು ಹುಡುಕತೊಡಗಿದರು. ಹೋಟೆಲಿನಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು. ನಾನು ಅಲ್ಲೇ ಕೂತು ಕಾಫಿ ಕುಡಿಯುತ್ತ, ಇವರ ಕೆಟ್ಟ ವ್ಯಾಕರಣವನ್ನು ದಿನಾ ತಿದ್ದಿ ಸರಿಮಾಡುವವನು ನಾನು ಎಂದು ಹೇಳಿಬಿಡಲೇ ಅಂದುಕೊಳ್ಳುತ್ತಿದ್ದೆ. ಹೇಳುವ ಹಾಗಿರಲಿಲ್ಲ, ಅವರ ಬರಹದಲ್ಲಿ ತಿದ್ದುವಂಥದ್ದು ಇರುತ್ತಲೇ ಇರಲಿಲ್ಲ.

ಒಂದು ದಿನ ಮನೆಯಲ್ಲಿ ನನ್ನ ಹೆಂಡತಿ ಅಕ್ಕಿ ಆರಿಸುತ್ತ ಪತ್ರಿಕೆ ನೋಡಿ ಒಬ್ಬಳೇ ನಕ್ಕಳು.

“ಇದು ನೀವು ಬರ್ದಿದ್ದಾ?” ಎಂದಳು. ನೋಡಿದೆ, ಭದ್ರಾವತಿ ಪತ್ರ.

“ಅಲ್ಲ.”

“ಹೌದಾ, ಅದಕ್ಕೇ,” ಎಂದು ಮತ್ತೆ ಓದತೊಡಗಿದಳು.

ಅವಳು ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಂಡು ಹೇಳಿದ್ದಲ್ಲ. ಆದರೆ ಅವತ್ತು ನಾನು ಊಟ ಬಿಟ್ಟು ಎದ್ದೆ.

ಆ ವರ್ಷ ಶ್ರಾವಣದಲ್ಲಿ ಭದ್ರೆ ತುಂಬಿ ಹರಿಯಿತು. ಹೊಳೆ ದಾಟುತ್ತಿದ್ದ ಹರಿಗೋಲು ಮಗುಚಿ, ಸೌದೆ ಕಡಿಸುವ ಒಬ್ಬ ಮೇಸ್ತ್ರಿ ಕೊಚ್ಚಿಹೋದ ಸುದ್ದಿ ಬಂತು. ಉಳಿದವರು ಈಜಿ ದಡ ಸೇರಿದ್ದರು. ಬಾತ್ಮೀದಾರರ ವರದಿ ಹನ್ನೆರಡು ಸಾಲಿನದು. ಕೊನೆಯಲ್ಲಿ ಹೀಗಿತ್ತು: “ಮೇಸ್ತ್ರಿ ಸಿಕ್ಕಿಲ್ಲ, ಸಿಕ್ಕಿಲ್ಲ ಎಂಬುದಷ್ಟೇ ಇವತ್ತಿನ ಸುದ್ದಿ. ಈಜು ಬಲ್ಲವರನ್ನು ಹೊಳೆ ಕೆಳಗಿನ ಊರುಗಳಿಗೆ ಮುಟ್ಟಿಸಿ ಬಿಟ್ಟದ್ದುಂಟು ಎನ್ನುತ್ತಾರೆ ಹರಿಗೋಲಿನವರು.”

ಆ ಎರಡು ಸಾಲನ್ನು ನಾನು ಮೂರು ಸಲ ಓದಿದೆ. ಎಷ್ಟು ಪ್ರಯತ್ನಪಟ್ಟರೂ ನನ್ನ ಕೈಯಿಂದ ಅಂಥ ಸಾಲು ಬರುತ್ತಿರಲಿಲ್ಲ. ಯುದ್ಧದ ದೆಸೆಯಿಂದ ಕಾಗದ ಸಿಗದೆ ಪತ್ರಿಕೆ ಒಂದೇ ಹಾಳೆಗೆ ಇಳಿದಿತ್ತು, ಜಾಗ ಸಾಲುವುದಿಲ್ಲ ಎಂಬ ನೆಪ ಯಾವಾಗಲೂ ಕೈಯಲ್ಲಿತ್ತು. ಅವೆರಡನ್ನೂ ಹೊಡೆದುಹಾಕಿದೆ. ಮೇಲೆ “ಮೇಸ್ತ್ರಿ ನೀರುಪಾಲು” ಎಂದು ಶೀರ್ಷಿಕೆ ಕೊಟ್ಟೆ. ಬಿಟ್ಟ ಜಾಗಕ್ಕೆ ನನ್ನದೇ ಒಂದು ಹಿತವಚನ ತುಂಬಿಸಿದೆ.

ಆರನೆಯ ದಿನ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಏಳೆಂಟು ಜನ ನಿಂತಿದ್ದರು. ಮೇಸ್ತ್ರಿ ಬದುಕಿ ಬಂದಿದ್ದ. ಮೈಲಿಗಟ್ಟಲೆ ಕೆಳಗೆ ಬಿದಿರುಮೆಳೆಗೆ ಸಿಕ್ಕಿಕೊಂಡವನನ್ನು ಅಲ್ಲಿನ ರೈತರು ಎಳೆದು ಉಳಿಸಿದ್ದರು. ಜ್ವರ ಇಳಿದು, ನೆರೆಯೂ ಇಳಿದು ದಾರಿ ತೆರೆದ ಮೇಲೆ ನಡೆದು ಬಂದಿದ್ದ. ಆದರೆ ಅಷ್ಟರೊಳಗೆ ಹೊಸಮನೆ ಕೇರಿಯಲ್ಲಿದ್ದ ಅವನ ಹೆಂಡತಿಗೆ ನಮ್ಮ ಪತ್ರಿಕೆ ಮುಟ್ಟಿತ್ತು.

“ಪೇಪರಲ್ಲೇ ಬಂದೈತಲ್ಲ ಅಂತ ದೊಡ್ಡೋರೆಲ್ಲ ಸೇರ್ಕೊಂಡು ನಮ್ಮಕ್ಕನ ಬಳೆ ಒಡೆಸಿಬಿಟ್ರು ಸ್ವಾಮಿ,” ಎಂದ ಆ ಹೆಂಗಸಿನ ತಮ್ಮ. “ಬದುಕಿರೋ ಗಂಡನ ಮುಂದೆ ಬೋಳು ಕೈಯಲ್ಲಿ ನಿಂತಿದ್ಲು. ಯಾರು ಬರ್ದಿದ್ದು ಇದನ್ನ?”

ಬಾತ್ಮೀದಾರರು ಅವತ್ತು ಬೇರೆ ಏನೋ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದಿದ್ದವರು ಅಲ್ಲೇ ಇದ್ದರು. ಯಜಮಾನರು ನನ್ನ ಕಡೆ ತಿರುಗಿದರು. “ಏನಯ್ಯಾ ಇದು?”

“ಜಾಗ ಸಾಲ್ಲಿಲ್ಲ. ಕೊನೇ ಸಾಲು ಬಿಡ್ಬೇಕಾಯ್ತು,” ಎಂದೆ.

ನಾನು ಅಷ್ಟು ಹೇಳುವಷ್ಟರಲ್ಲಿ ಬಾತ್ಮೀದಾರರು ಮುಂದೆ ಬಂದು ಆ ತಮ್ಮನಿಗೆ ಕೈಮುಗಿದರು. “ಭದ್ರಾವತಿ ಸುದ್ದಿ ಬರೆಯೋನು ನಾನು. ಮುಖ್ಯವಾದ್ದನ್ನ ಮೊದಲೇ ಹೇಳ್ಬೇಕಿತ್ತು, ಕೊನೆಗಿಟ್ಟೆ. ತಪ್ಪು ನನ್ನದು,” ಎಂದರು. ಬಂದವರು ಬೈದರು. ಅವರು ತಲೆತಗ್ಗಿಸಿ ಕೇಳಿಸಿಕೊಂಡರು. ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಇನ್ನೂ ಹೆಚ್ಚಿನ ಹೊಟ್ಟೆಕಿಚ್ಚು. ಬರೆಯುವುದರಲ್ಲಿ ಮೇಲು, ಈಗ ನಡತೆಯಲ್ಲೂ ಮೇಲು!

ಬಾತ್ಮೀದಾರರನ್ನು ರೈಲಿಗೆ ಬಿಡಲು ಯಜಮಾನರು ನನ್ನನ್ನೇ ಕಳಿಸಿದರು. ಸ್ಟೇಷನ್ನಿನಲ್ಲಿ ಅವರು ಕೇಳಿದರು: “ಆ ಸಾಲು ಚೆನ್ನಾಗಿರ್ಲಿಲ್ಲ, ಅಲ್ವಾ? ನಿಜ ಹೇಳಿ, ಬೇಜಾರು ಮಾಡ್ಕೊಳ್ಳಲ್ಲ.”

“ಸ್ವಲ್ಪ ಉದ್ದವಾಯ್ತು,” ಎಂದೆ.

ಅವರು ಆ ಮಾತನ್ನು ನಂಬಿದರು. ಅಲ್ಲಿಂದಾಚೆಗೆ ಬಂದ ಲಕೋಟೆಗಳಲ್ಲಿ ಸಭೆ ನಡೆಯಿತು, ಮಳೆ ಬಂತು, ಅಧಿಕಾರಿಗಳು ಭೇಟಿಕೊಟ್ಟರು ಎಂಬ ಒಣ ಸುದ್ದಿ ಮಾತ್ರ. ಹೋಟೆಲಿನಲ್ಲಿ ಓದಿಸಿ ಕೇಳುವುದು ನಿಂತಿತು. ನನಗೆ ಬೇಕಾದದ್ದು ಇದೇ ತಾನೆ? ಒಂದೆರಡು ವಾರ ಹಾಯಾಗಿದ್ದೆ. ಆಮೇಲೆ ಒಂದು ಮಧ್ಯಾಹ್ನ ಲಕೋಟೆ ಒಡೆಯುವಾಗ ನನಗೇ ಗೊತ್ತಾಯಿತು, ಹಳೆಯ ಥರದ್ದು ಏನಾದರೂ ಇದೆಯೇ ಎಂದು ನಾನು ಆಸೆಯಿಂದ ಹುಡುಕುತ್ತಿದ್ದೆ. ಇರಲಿಲ್ಲ. ಮುಂದಿನ ಭಾನುವಾರ ಭದ್ರಾವತಿಗೆ ಹೋದೆ.

ಅವರು ಜಗಲಿಯ ಮೇಲೆ ಕೂತು ಕೊಡೆ ರಿಪೇರಿ ಮಾಡುತ್ತಿದ್ದರು. ಚಾಪೆ ಹಾಸಿದರು. ನಾನು ನಿಂತೇ ಹೇಳಿದೆ. ಜಾಗ ಇತ್ತು, ಸಾಲು ಚೆನ್ನಾಗಿತ್ತು, ಚೆನ್ನಾಗಿದ್ದದ್ದಕ್ಕೇ ಹೊಡೆದುಹಾಕಿದೆ.

ಅವರು ಕೊಡೆಯ ಮುರಿದ ಕಡ್ಡಿಗೆ ತಂತಿ ಸುತ್ತಿ ಬಿಗಿದರು.

“ಯಜಮಾನರಿಗೆ ಹೇಳಿದ್ರಾ?”

“ಇಲ್ಲ.”

“ಆ ಹೆಣ್ಣುಮಗಳಿಗೆ?”

“ಇಲ್ಲ.”

“ಮತ್ತೆ ನನಗ್ಯಾಕೆ ಹೇಳ್ತೀರಿ ಮಾರಾಯ್ರೆ? ನಾನು ಬೈಯೋದಿಲ್ಲ ಅಂತಲಾ?” ದನಿ ಏರಿತ್ತು. ಕೊಡೆ ಕೆಳಗಿಟ್ಟು ಒಳಗೆ ಹೋದವರು ಹೊರಗೆ ಬರಲಿಲ್ಲ.

ಮರುದಿನ ಹೊಸಮನೆಗೆ ಹೋದೆ. ಮೇಸ್ತ್ರಿ ಮನೆಯಲ್ಲಿರಲಿಲ್ಲ. ಆಕೆ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ಕೈಯಲ್ಲಿ ಹೊಸ ಬಳೆಗಳಿದ್ದವು.

“ಏನಂತ ಇತ್ತು ಆ ಸಾಲು?” ಎಂದು ಕೇಳಿದಳು.

ನನಗೆ ಬಾಯಿಪಾಠವಾಗಿತ್ತು. ಹೇಳಿದೆ.

“ಇಷ್ಟಿದ್ದಿದ್ರೆ ಸಾಕಿತ್ತು,” ಎಂದಳು. “ನಾನು ಹಟ ಹಿಡೀತಿದ್ದೆ. ಅವತ್ತು ನನ್ನ ಮಾತು ಯಾರೂ ಕೇಳ್ಲಿಲ್ಲ. ಪೇಪರಿನ ಮಾತು ಕೇಳ್ತಿದ್ರು.” ಆಮೇಲೆ ಓಣಿಯ ಕಡೆ ನೋಡಿ, “ಹೋಗಿ ಸ್ವಾಮಿ, ಅವರು ಬರೋ ಹೊತ್ತಾಯ್ತು. ಅವರಿಗೆ ಗೊತ್ತಾದ್ರೆ ಸುಮ್ನಿರಲ್ಲ,” ಎಂದಳು.

ಅಲ್ಲಿಂದ ನೇರ ಕಚೇರಿಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಕೂಗಾಡಲಿಲ್ಲ. ನಡೆದದ್ದನ್ನು ನನ್ನ ಕೈಯಲ್ಲೇ ಬರೆಸಿ, ಬಾತ್ಮೀದಾರರ ತಪ್ಪಿಲ್ಲವೆಂದು ಮೊದಲ ಪುಟದಲ್ಲಿ ಹಾಕಿದರು. ನನ್ನನ್ನು ಮತ್ತೆ ಮೊಳೆ ಜೋಡಿಸಲು ಕಳಿಸಿದರು. ಒಂದು ವರ್ಷ ಅಲ್ಲೇ ಇದ್ದೆ. ಭದ್ರಾವತಿಯ ಲಕೋಟೆ ಎರಡು ತಿಂಗಳು ಬರಲಿಲ್ಲ. ಆಮೇಲೆ ಬಂತು, ಮೊದಲಿನ ಹಾಗೆಯೇ. ಅವರ ಒಂದೊಂದು ಅಕ್ಷರವನ್ನೂ ನಾನೇ ಜೋಡಿಸುತ್ತಿದ್ದೆ.

ಯುದ್ಧ ಮುಗಿದು ಯಜಮಾನರ ಕಣ್ಣು ಮಂಜಾದಾಗ ಅವರು ಸಂಪಾದಕರ ಕೆಲಸವನ್ನು ವಹಿಸಿದ್ದು ನನಗಲ್ಲ, ಬಾತ್ಮೀದಾರರಿಗೆ. ಗುಮಾಸ್ತಗಿರಿ ಬಿಟ್ಟು ಅವರು ಶಿವಮೊಗ್ಗಕ್ಕೆ ಬಂದರು. ಪತ್ರಿಕೆ ಕಣ್ಣುಮುಚ್ಚುವವರೆಗೂ ನಾನು ಅವರ ಕೈಕೆಳಗೆ ದುಡಿದೆ. ಕೆಲಸದ ಮಾತು ಬಿಟ್ಟು ಬೇರೆ ಮಾತು ನಮ್ಮಲ್ಲಿ ಹೆಚ್ಚಿರಲಿಲ್ಲ. ಅವರ ಸಂಪಾದಕೀಯವನ್ನು ಓದುವಾಗೆಲ್ಲ ಎದೆಯಲ್ಲಿ ಆ ಹಳೆಯ ಚುಚ್ಚು ಇದ್ದೇ ಇರುತ್ತಿತ್ತು. ಅದು ನನ್ನನ್ನು ಬಿಡಲಿಲ್ಲ. ನಾನು ಓದುವುದನ್ನೂ ಬಿಡಲಿಲ್ಲ.